ಹದಿನಾಲ್ಕು ಸಾವಿರದ ಅರವತ್ತೈದು ಟಾವೆಲ್

ಸೋಲಾಪುರ, ಜನವರಿ. ಪಾರ್ಕ್ ಮೈದಾನದಾಗ ನಸುಕಿನ ಐದೂವರಿ.
ಎದಿಗೆ ನಾಲ್ಕು ಪಿನ್ನು ಚುಚ್ಚಿದ ನಂಬರು, ೧೦೮೩.
ಸ್ಪೀಕರಿನವ ಮರಾಠಿಯೊಳಗ ಹತ್ತರಿಂದ ಉಲ್ಟಾ ಎಣಿಸಿದ.
ಹುಡುಗೂರು ಕೈಗಡಿಯಾರ ಒತ್ತಿ, ಕವಣಿ ಕಲ್ಲಿನಂಗ ಹೋದ್ರು.
ನಾನು ನಡುಗುಂಪಿನ ನಡುವ,
ನಡಿಗಿಗಿಂತ ಸ್ವಲ್ಪ ಜೋರು, ಓಟಕ್ಕಿಂತ ಸ್ವಲ್ಪ ಕಮ್ಮಿ.

ಹದಿನೆಂಟು ವರ್ಷ ಆತು, ಅಕ್ಕಲಕೋಟ ರೋಡಿನ ಫ್ಯಾಕ್ಟರಿಯೊಳಗ
ನಿಂತ ಜಾಗಾ ಬಿಡದ ಕೆಲಸ ನಂದು, ಚೆಕ್ಕಿಂಗು.
ಟ್ಯೂಬ್ ಲೈಟಿನ ಕೆಳಗ ಟಾವೆಲ್ ಹಾಸೂದು,
ಎಳಿ ತಪ್ಪಿದ್ದು, ಎಣ್ಣಿ ಕಲಿ ಬಿದ್ದದ್ದು, ಅಂಚು ಬಿಚ್ಚಿದ್ದು
ಸೆಕೆಂಡ್ಸ್ ಅಂತ ಆ ಕಡೆ ಒಗಿಯೂದು,
ಉಳಿದದ್ದು ಡಝನ್ ಕಟ್ಟೂದು. ದಿನಕ್ಕ ಎಂಟುನೂರು.
ನಿಂತು ನಿಂತು ಕಾಲು ಬಾತಾಗ ಡಾಕ್ಟರ್ ಅಂದ್ರು, ನಡೀರಿ.
ನಡದೆ.
ಒಂದು ದಿನ ಸಿಟಿ ಬಸ್ಸು ಹೊಂಟಿತ್ತು, ಬೆನ್ನ ಹತ್ತಿ ಓಡಿದೆ,
ಸಿಕ್ಕಿತು.
ಹತ್ತಲಿಲ್ಲ.

ಒಂದು ಟಾವೆಲ್ ದೀಡ ಮೀಟರು.
ಹಾಫ್ ಮ್ಯಾರಥಾನ್ ಅಂದ್ರ ತುದಿಗೆ ತುದಿ ಹಾಸಿದ
ಹದಿನಾಲ್ಕು ಸಾವಿರದ ಅರವತ್ತೈದು ಟಾವೆಲ್,
ನನ್ನ ಹದಿನೇಳೂವರಿ ದಿನದ ಕೆಲಸ.
ಮೂರು ತಾಸಿನೊಳಗ ಮುಗಿಸಬೇಕು,
ಆಮ್ಯಾಲ ರಸ್ತಾ ಟ್ರಕ್ಕಿಗೆ ಬಿಟ್ಟುಕೊಡ್ತಾರ.

ವಿಜಾಪುರ ರೋಡಿನ ಬದಿಗೆ ಕಬ್ಬಿನ ಟ್ರ್ಯಾಕ್ಟರು ನಿಂತಿತ್ತು.
ಡ್ರೈವರ್ ಕನ್ನಡದಾಗ ಕೇಳಿದ:
"ಯವ್ವಾ, ಯಾರರ ಬೆನ್ನ ಹತ್ಯಾರೇನ?"
ನಗು ಬಂತು, ಉಸಿರು ತಪ್ಪಿತು, ಬಲಪಕ್ಕಡಿಯೊಳಗ ಸೂಜಿ.
ಹತ್ತೂವರಿ ಕಿಲೋಮೀಟರಿಗೆ ಹಳದಿ ಡ್ರಮ್ಮು ಇಟ್ಟಿದ್ರು, ತಿರುಗ್ರಿ ಅಂತ.
ಇದ ರಸ್ತಾ ಹಿಡದು ಹೋದ್ರ ಭೀಮಾ ಹೊಳಿ,
ಹೊಳಿ ದಾಟಿದ್ರ ನನ್ನ ತಂಗಿ ಊರು,
ಬೋರ್ಡಿನ ಅಕ್ಷರ ಬ್ಯಾರೆ, ಬಸ್ಸಿನ ಬಣ್ಣ ಬ್ಯಾರೆ.
ನಿದ್ದಿಗಣ್ಣಿನಾಗ ಎಷ್ಟು ಸಲ ದಾಟೀನೋ ಏನೋ.
ಅದು ಎಷ್ಟು ದೂರ ಅಂತ ಕಾಲಿಗೆ ಇವತ್ತ ಗೊತ್ತಾತು.
ಡ್ರಮ್ಮು ಸುತ್ತಿದೆ. ಬಿಸಿಲು ಬಲಗಪಾಳಕ್ಕ ಬಂತು.

ಹದಿನಾಲ್ಕರ ಹತ್ರ ನರಸಯ್ಯ ಯೆಮುಲ್ ಜೋಡಿ ಆದ್ರು.
ಅರವತ್ತೆಂಟು ವಯಸ್ಸು, ನಲವತ್ತು ವರ್ಷ ಮಗ್ಗದ ಮುಂದ,
ಪುಪ್ಪುಸದಾಗ ಹತ್ತಿ ಧೂಳಿನ ಗಾದಿ.
ಎಂಬತ್ತು ಹೆಜ್ಜಿ ಓಡೂದು, ಇಪ್ಪತ್ತು ಹೆಜ್ಜಿ ನಡಿಯೂದು,
ತೆಲುಗಿನಾಗ ಎಣಿಸ್ಕೋತ. ನಂದು ಕನ್ನಡದಾಗ, ಡಝನ್ ಲೆಕ್ಕ.
ನೀರಿನ ಟೇಬಲ್ಲಿನ ಹುಡುಗ್ಯಾರು ಚೀರಿದ್ರು:
"ಮಾವಶಿ, ಆಜೋಬಾ, ಚಲಾ ಚಲಾ, ಥೋಡಂಚ್ ರಾಹಿಲಂ!"
ಸುಳ್ಳು. ಇನ್ನ ಏಳು ಕಿಲೋಮೀಟರು ಇದ್ದುವು.
ಉಪ್ಪು ಹಚ್ಚಿದ ಮೋಸಂಬಿ ಮಾತ್ರ ಖರೆ.

ಹದಿನೇಳಕ್ಕ ನರಸಯ್ಯ ನನ್ನ ದಾಟಿ ಮುಂದ ಹೋದ್ರು.
ತಿರುಗಿ ನೋಡಿ ಕೈ ಎತ್ತಿದ್ರು, ಕ್ಷಮಾ ಕೇಳಿದಂಗ.
ಸಿಟ್ಟು ಬಂತು, ಖರೇನ ಹೇಳ್ತೀನಿ,
ಮುದುಕನ ಮ್ಯಾಲ ಅಲ್ಲ...
ಅಲ್ಲ, ಮುದುಕನ ಮ್ಯಾಲೇನ.

ಮೀನಖಂಡ ಕಲ್ಲಾತು.
ಸಿದ್ಧೇಶ್ವರ ಕೆರಿ ದಂಡಿಗೆ ನಿಂತು, ಬಾಗಿ, ಪಾದ ಹಿಡಕೊಂಡೆ.
ನೀರಾಗ ಗುಡಿ ಅಲಗ್ತಿತ್ತು. ಬೇಡಿಕೊಳ್ಳೂದು ನೆನಪಾಗ್ಲಿಲ್ಲ.
ಬರೇ ಎಣಿಸಿದೆ, ಒಂದು ಡಝನ್, ಎರಡು ಡಝನ್.
ಎಷ್ಟೋ ಹೆಜ್ಜಿ ಸೆಕೆಂಡ್ಸಿಗೆ ಒಗಿಯೂ ಹಂಗಿದ್ವು,
ವಾರಿ, ಸಣ್ಣೂವು, ಎಳಿ ಬಿಚ್ಚಿದ್ವು.
ಒಗೀಲಿಲ್ಲ. ಎಲ್ಲಾ ಲೆಕ್ಕಕ್ಕ ಹಿಡದೆ.

ಕಡೀ ಅರವತ್ತೈದು ಟಾವೆಲ್ ಕಣ್ಣಿಗೇ ಕಾಣ್ತಿದ್ವು.
ಕಮಾನು. ಗಡಿಯಾರ. ಎರಡು ತಾಸು ನಲವತ್ತೊಂದು ನಿಮಿಷ,
ಮ್ಯಾಲ ಮೂವತ್ತೆಂಟು ಸೆಕೆಂಡ್ಸ್.

ಕೊಳ್ಳಾಗ ಪದಕ ಹಾಕಿ, ಕೈಯಾಗ ಒಂದು ಟಾವೆಲ್ ಕೊಟ್ರು.
ಮಾರಿ ಒರೆಸ್ಕೊಳ್ಳೂ ಮೊದಲ ಬೆರಳು ತಾವ ಅಂಚಿಗೆ ಹೋದ್ವು.
ಎಡಮೂಲಿಗೆ ಒಂದು ಎಳಿ ಸಡಲು. ನಮ್ಮ ಫ್ಯಾಕ್ಟರೀ ಮಾಲು.
ನನ್ನ ಟೇಬಲ್ ದಾಟಿ ಇದು ಹೆಂಗ ಬಂತು?

ನರಸಯ್ಯ ಬೂಟು ಬಿಚ್ಚಿ ಕಟ್ಟೀ ಮ್ಯಾಲ ಕುಂತಿದ್ರು.
ಇಸ್ಕೊಂಡ್ರು, ಬೆಳಕಿಗೆ ಹಿಡದು ನೋಡಿದ್ರು,
ಉಗುರಿಲೆ ಗಂಟು ಹಾಕಿ, ಉಳಿದದ್ದು ಹಲ್ಲಿಲೆ ಕಡದು
ತಿರುಗಿ ನನ್ನ ತೊಡಿ ಮ್ಯಾಲ ಒಗದ್ರು.
"ಒರೆಸ್ಕೋ ಮೊದಲ," ಅಂದ್ರು,
"ನಾಳೆ ನೋಡೂಣಂತ."